ಮೀಸೆ ಕಾಣದ ಪೊಲೀಸಪ್ಪಂದಿರು

ಪೊಲೀಸಪ್ಪ ಎಂದರೆ ಹೆದರದವರು ನಮ್ಮ ಮನೆಯಲ್ಲಿ ಇಬ್ಬರೇ. ಒಂದು ತೊಟ್ಟಿಲ ಕೂಸು, ಇನ್ನೊಬ್ಬ ನನ್ನ ತಂಗಿಯ ಮಗ. ಕೂಸಿಗೆ ಇನ್ನೂ ಬುದ್ಧಿ ಬಂದಿಲ್ಲ. ಇವನ ಪೊಲೀಸರೋ, ನೆಟ್ಟಗೆ ನಿಂತರೂ ಹೆಬ್ಬೆರಳುದ್ದ ಆಗುವುದಿಲ್ಲ. ಮೂವತ್ತೆರಡು ಮಿಲಿಮೀಟರಿನ ಲೆಕ್ಕದ ಪ್ಲಾಸ್ಟಿಕ್ ಬೊಂಬೆಗಳು. ಇವನಿಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ರಜೆಗೆ ನಮ್ಮೂರು ಹೊರಕೆರೆದೇವರಪುರಕ್ಕೆ ಬಂದರೆ ಪಡಸಾಲೆಯಲ್ಲಿ ಚಾಪೆ ಹಾಸಿ, ಭೂತಗನ್ನಡಿ ಇಟ್ಟುಕೊಂಡು, ನಾಲ್ಕೇ ಕೂದಲಿದ್ದಂತೆ ಕಾಣುವ ಬ್ರಷ್ಷಿನಲ್ಲಿ ಅವಕ್ಕೆ ಬಣ್ಣ ಹಚ್ಚುತ್ತಾ ಕೂರುತ್ತಾನೆ. ಅವರು ಮುಂದಿನ ಕಾಲದ ಪೊಲೀಸರು ಅಂತೆ. ಒಂದೊಂದು ಕಡೆಗೆ ಹತ್ತೋ ಹನ್ನೊಂದೋ ಬೊಂಬೆ, ಮೇಜಿನ ಮೇಲೆ ಒಂದಿಷ್ಟು ಹಾಳು ಗೋಡೆ, ದಾಳ, ಇಂಚು ಟೇಪು. ಇಷ್ಟಿದ್ದರೆ ಕಾಳಗ ಶುರು.

ಇದು ದೊಡ್ಡವರು ಆಡುವ ಆಟವೇ ಎಂದು ಮೂಗು ಮುರಿಯುವವರಿಗೆ ನನ್ನದೊಂದು ಉತ್ತರವಿದೆ. ಮಂಗಳ ಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬರುವ ಕಥೆ ಬರೆದ ಎಚ್.ಜಿ. ವೆಲ್ಸ್, 1913ರಲ್ಲಿ ಆಟಿಕೆಯ ಸೈನಿಕರ ಯುದ್ಧಕ್ಕೆ ನಿಯಮಗಳ ಪುಸ್ತಕವನ್ನೇ ಬರೆದ. ಹೆಸರು ‘ಲಿಟ್ಲ್ ವಾರ್ಸ್’. ಅಷ್ಟು ದೂರ ಯಾಕೆ, ನಮ್ಮ ಗುಡಿಗಳ ಹಾಸುಗಲ್ಲಿನ ಮೇಲೆ ಹುಲಿ–ಕುರಿ ಆಟದ ಮನೆ ಕೆತ್ತಿದವರೇನು ಎಳೆಮಕ್ಕಳೇ? ಒಂದು ಕಡೆ ಬಲಿಷ್ಠರು ಕೆಲವೇ ಜನ, ಇನ್ನೊಂದು ಕಡೆ ಬಡವರು ಬಹಳ ಜನ. ಸಂಖ್ಯೆಯೊಂದನ್ನು ಬಿಟ್ಟರೆ ನನ್ನ ಸೋದರಳಿಯನ ಆಟದ ತಿರುಳೂ ಅದೇ. ಹುಲಿಗೆ ಇವನು ಹೆಲ್ಮೆಟ್ ಹಾಕಿದ್ದಾನೆ, ಅಷ್ಟೆ.

ಬಣ್ಣ ಹಚ್ಚುವುದು ಮಾತ್ರ ನಾನು ಅಂದುಕೊಂಡಷ್ಟು ಹುಡುಗಾಟವಲ್ಲ. ಮೊದಲು ಪ್ರೈಮರ್ ಸ್ಪ್ರೇ ಹೊಡೆಯಬೇಕು, ಇಲ್ಲದಿದ್ದರೆ ಬಣ್ಣ ಕಚ್ಚುವುದಿಲ್ಲ. ಆಷಾಢದಲ್ಲಿ ನಮ್ಮ ಕಡೆ ಸ್ಪ್ರೇ ಹೊಡೆಯುತ್ತೇನೆ ಎನ್ನುವವನಿಗೆ ಧೈರ್ಯ ಬೇಕು; ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದವರು ಸುಮ್ಮನೆ ನಿಲ್ಲಿಸಿಲ್ಲ. ಬೇಸಿಗೆಯಲ್ಲಿ ಬೇರೆ ಪಾಡು, ಬಣ್ಣ ಬ್ರಷ್ಷಿನ ತುದಿಯಲ್ಲೇ ಒಣಗುತ್ತದೆ. ಅದಕ್ಕೆಂದು ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೆಣ್ಣೆಕಾಗದ, ಅದರ ಮೇಲೆ ಬಣ್ಣ. ಭವಿಷ್ಯದ ಪೊಲೀಸರ ಕವಚ ಸಾಮಾನ್ಯವಾಗಿ ಕಪ್ಪು. ಬರೀ ಕಪ್ಪು ಬಳಿದರೆ ಬೊಂಬೆ ಕಾಣುವುದೇ ಇಲ್ಲ, ಮಸಿಯ ಉಂಡೆಯಾಗುತ್ತದೆ. ಆದ್ದರಿಂದ ಕವಚದ ಅಂಚು ಅಂಚಿಗೂ ನೀಲಿ ಬೆರೆತ ಬೂದುಬಣ್ಣದ ಎಳೆ ಎಳೆಯಬೇಕು. ಸಂದುಗೊಂದಿಗಳಿಗೆ ತೆಳ್ಳಗಿನ ಬಣ್ಣದ ನೀರು ಬಿಡಬೇಕು. ಅದು ತಾನೇ ಇಳಿದು ನೆರಳಾಗುತ್ತದೆ. ಹೆಲ್ಮೆಟ್ಟಿನ ಗಾಜಿಗೆ ಮೇಲೆ ಕಡುಗೆಂಪು, ಕೆಳಗೆ ಕಿತ್ತಳೆ, ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಬಿದ್ದ ಕೂಡಲೇ ಗಾಜು ಫಳ್ ಎನ್ನುತ್ತದೆ. ಅದನ್ನು ಇಡುವಾಗ ಇವನು ಉಸಿರು ಬಿಗಿ ಹಿಡಿಯುತ್ತಾನೆ, ನೋಡುವ ನಾನೂ ಹಿಡಿಯುತ್ತೇನೆ.

“ಎಲ್ಲಾ ಸರಿ ಕಣೋ, ಕಣ್ಣೆಲ್ಲಿ?” ಎಂದೆ.

“ಹೆಲ್ಮೆಟ್ ಒಳಗಿದೆ ಮಾವಾ.”

“ಮೀಸೆ?”

“ಅದೂ ಒಳಗೇ.”

ನನ್ನ ತಕರಾರು ಇಲ್ಲಿಂದಲೇ ಶುರು. ನಮ್ಮ ಶಿಲ್ಪಿಗಳು ವಿಗ್ರಹಕ್ಕೆ ಕಣ್ಣು ಬಿಡಿಸುವುದು ಕಟ್ಟಕಡೆಗೆ. ಅಲ್ಲಿಯವರೆಗೆ ಅದು ಕಲ್ಲು. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಮಾಡುವ ಬೊಂಬೆಗಳನ್ನು ನೋಡಿ, ಮುಖದ ತುಂಬಾ ಕಣ್ಣು. ನಮ್ಮ ಊರಿನ ಲಕ್ಷ್ಮೀನರಸಿಂಹಸ್ವಾಮಿಯನ್ನು ನೆನೆದರೂ ಮೊದಲು ನೆನಪಾಗುವುದು ಕಣ್ಣೇ. ಇವನ ಪೊಲೀಸರಿಗೆ ಮಾತ್ರ ಕಣ್ಣು ಬಿಡಿಸುವ ಶಾಸ್ತ್ರವೇ ಇಲ್ಲ.

ಈ ಮುಖ ಕಾಣದ ಪೊಲೀಸರ ಮೂಲಪುರುಷ ಜಡ್ಜ್ ಡ್ರೆಡ್ ಅಂತೆ. 1977ರಲ್ಲಿ ‘2000 ಎಡಿ’ ಎಂಬ ಬ್ರಿಟಿಷ್ ಕಾಮಿಕ್ ವಾರಪತ್ರಿಕೆಯಲ್ಲಿ ಜಾನ್ ವ್ಯಾಗ್ನರ್ ಮತ್ತು ಕಾರ್ಲೋಸ್ ಎಸ್ಕೆರಾ ಹುಟ್ಟಿಸಿದ ಆಸಾಮಿ. ಹಿಡಿಯುವವನೂ ಅವನೇ, ತೀರ್ಪು ಕೊಡುವವನೂ ಅವನೇ, ಶಿಕ್ಷೆ ಜಾರಿ ಮಾಡುವವನೂ ಅವನೇ; ವಕೀಲರ ಹೊಟ್ಟೆಯ ಮೇಲೆ ಹೊಡೆಯುವ ಏರ್ಪಾಡು. ಅವನು ಓದುಗರಿಗೆ ಪೂರ್ತಿ ಮುಖ ತೋರಿಸುವುದಿಲ್ಲ. 1995ರ ಸಿನಿಮಾದಲ್ಲಿ ಸ್ಟಾಲೋನ್ ಹೆಲ್ಮೆಟ್ ತೆಗೆದದ್ದಕ್ಕೆ ಅಭಿಮಾನಿಗಳು ಇಂದಿಗೂ ಗೊಣಗುತ್ತಾರೆ. 2012ರಲ್ಲಿ ಕಾರ್ಲ್ ಅರ್ಬನ್ ಕೊನೆಯ ದೃಶ್ಯದವರೆಗೂ ಅದನ್ನು ತಲೆಯ ಮೇಲೇ ಇಟ್ಟುಕೊಂಡು ಬಚಾವಾದ. ನನಗೆ ಹಿಡಿಸಿದವನು 1987ರ ರೋಬೋಕಾಪ್. ಅರೆ ಮನುಷ್ಯ, ಅರೆ ಯಂತ್ರ. ಕಂಬ ಒಡೆದು ಬಂದ ಅರೆ ಮನುಷ್ಯನಿಗೆ ತಲೆತಲಾಂತರದಿಂದ ಕೈಮುಗಿದ ಊರಿನವರಿಗೆ ಅವನೇನೂ ಹೊಸಬನಲ್ಲ. ಜೊತೆಗೆ, ಕಥೆ ಮುಗಿಯುವುದರೊಳಗೆ ಹೆಲ್ಮೆಟ್ ಕಳಚಿ ಮುಖ ತೋರಿಸುವ ಸೌಜನ್ಯ ಅವನಿಗಿತ್ತು.

ಮುಖ ಮುಚ್ಚುವ ಚಾಳಿ ಪರದೇಶದ್ದೇ ಎನ್ನುವ ಹಾಗೂ ಇಲ್ಲ. 2019ರ ನವೆಂಬರಿನಲ್ಲಿ ಬೆಂಗಳೂರು ಸಂಚಾರ ಪೊಲೀಸರು ಬಟ್ಟೆ ಅಂಗಡಿಯ ಬೊಂಬೆಗಳಿಗೆ ಯೂನಿಫಾರ್ಮ್ ತೊಡಿಸಿ ಸರ್ಕಲ್ಲುಗಳಲ್ಲಿ ನಿಲ್ಲಿಸಿದ್ದರು. ಹೊಲದ ಬೆದರುಬೊಂಬೆಯ ಉಪಾಯವೇ. ಆ ಬೊಂಬೆಗಳಿಗೂ ಕಪ್ಪು ಕನ್ನಡಕ! ಅಣಕಿಸಿದವರು ಬಹಳ, ಆದರೆ ದೂರದಿಂದ ಕಂಡು ಸೀಟ್‌ಬೆಲ್ಟ್ ಎಳೆದುಕೊಂಡವರೂ ಇದ್ದಿರಲೇಬೇಕು. ಕಣ್ಣು ಕಾಣದಿದ್ದರೆ ಅವನು ನನ್ನನ್ನೇ ನೋಡುತ್ತಿದ್ದಾನೆ ಎನ್ನಿಸುತ್ತದೆ. ಹೆಲ್ಮೆಟ್ಟಿನ ಗುಟ್ಟೂ ಇದೇ ಇರಬೇಕು. ನಮ್ಮ ಪೇದೆಯ ಬಳಿ ಹಾಗಲ್ಲ. ಮುಖ ಕಾಣುತ್ತದೆ, ಬಿಸಿಲಿಗೆ ಬೆಂದದ್ದು ಕಾಣುತ್ತದೆ, “ಇವತ್ತೊಂದಿನ ಬಿಟ್ಬಿಡಿ ಸಾರ್” ಎನ್ನಲು ಬಾಯಿ ಬರುತ್ತದೆ. ಹೆಲ್ಮೆಟ್ಟಿನ ಗಾಜಿಗೆ ಯಾರು ಸಾರ್ ಎಂದಾರು?

ಕರ್ನಾಟಕದ ಪೇದೆಯ ಗುರುತಾಗಿದ್ದದ್ದು ಒಂದು ಬದಿ ಮೇಲಕ್ಕೆ ಮಡಿಸಿದ ಆ ಸ್ಲೌಚ್ ಹ್ಯಾಟು. 2025ರ ಅಕ್ಟೋಬರಿನಲ್ಲಿ ಅದರ ಜಾಗಕ್ಕೆ ಕಡುನೀಲಿ ಪೀಕ್ ಕ್ಯಾಪ್ ಬಂತು. ಪೇದೆಗಳಿಗೆ ನೆಮ್ಮದಿಯಾಗಿರಬಹುದು, ನನಗೆ ಮಾತ್ರ ಕೊಂಚ ಬೇಜಾರು. ಆ ಹ್ಯಾಟಿನ ಒಬ್ಬನನ್ನಾದರೂ ಮಾಡಿಕೊಡೋ, ಖಾಕಿ ಹಚ್ಚು, ಮೀಸೆ ಇಡು ಎಂದೆ. “ಅದು ಸೈನ್ಸ್ ಫಿಕ್ಷನ್ ಆಗಲ್ಲ ಮಾವಾ” ಎಂದ. ಯಾಕಾಗುವುದಿಲ್ಲ? ನಮ್ಮ ಜಿಲ್ಲೆಯಲ್ಲೇ, ಚಳ್ಳಕೆರೆ ಕಡೆಯ ವಿಮಾನ ಪರೀಕ್ಷಾ ನೆಲೆಯಲ್ಲಿ, ಇಸ್ರೋದವರು 2023ರಲ್ಲಿ ರೆಕ್ಕೆಯ ಗಗನನೌಕೆಯೊಂದನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೊಯ್ದು ಬಿಟ್ಟರು. ಅದು ತಾನೇ ದಾರಿ ನೋಡಿಕೊಂಡು ಬಂದು ಇಳಿಯಿತು. ಮರುವರ್ಷ ಇನ್ನೆರಡು ಸಲ ಇಳಿಸಿದರು. ಆಗ ಅದಕ್ಕೆ ಪುಷ್ಪಕ ಎಂದು ಹೆಸರು. ಅದನ್ನು ಕಾಯಲು ನಿಂತ ಪೇದೆಯನ್ನು ಊಹಿಸಿಕೊಳ್ಳಿ: ತಲೆಯ ಮೇಲೆ ಗಗನನೌಕೆ, ಕೈಯಲ್ಲಿ ಲಾಠಿ, ಜೇಬಿನಲ್ಲಿ ಎಲೆಯಡಿಕೆ. ಇದಕ್ಕಿಂತ ಸೈನ್ಸ್ ಫಿಕ್ಷನ್ ಬೇಕೇ?

ವಾದ ರಾಜಿಗೆ ಬಂದದ್ದು ದುರ್ಗದ ಕೋಟೆಯಲ್ಲಿ. ಕಾವಲುಗಾರ ಊಟಕ್ಕೆ ಹೋಗಿದ್ದಾಗ ಒನಕೆ ಹಿಡಿದು ಕಿಂಡಿ ಕಾದ ಓಬವ್ವನನ್ನೇ ಮೇಜಿನ ಮೇಲೆ ತರುವುದು ಎಂದು ತೀರ್ಮಾನವಾಯಿತು. ಹೆಲ್ಮೆಟ್ ಇಲ್ಲ, ಆದ್ದರಿಂದ ಕಣ್ಣು ಬಿಡಿಸಲೇಬೇಕು. ನಮ್ಮೂರಿನ ಕೆಂಪು ಮಣ್ಣನ್ನೇ ಜರಡಿ ಹಿಡಿದು, ಅಂಟು ಸವರಿದ ಪೀಠಕ್ಕೆ ಉದುರಿಸಿಯೂ ಆಯಿತು. ನಿಯಮಗಳಲ್ಲಿ ಒಂದೆರಡು ತೊಡಕು ಉಳಿದಿವೆ. ಒನಕೆಯ ಏಟಿಗೆ ದಾಳ ಎಷ್ಟು ಬೀಳಬೇಕು? ಶತ್ರು ಒಬ್ಬೊಬ್ಬನೇ ತೂರಿ ಬರುವುದಾದರೆ ಉಳಿದ ಒಂಬತ್ತು ಬೊಂಬೆಗಳು ಹೊರಗೆ ನಿಂತು ಏನು ಮಾಡಬೇಕು? ಶತ್ರು ಹೈದರಾಲಿಯ ಕಡೆ ಆಡುವವರು ಯಾರು ಎಂಬುದೂ ಇತ್ಯರ್ಥವಾಗಿಲ್ಲ. ತಂಗಿ ಅಡುಗೆಮನೆಯಿಂದಲೇ ಕೂಗಿ ಓಬವ್ವನ ಪಕ್ಷ ಹಿಡಿದುಬಿಟ್ಟಿದ್ದಾಳೆ.