ಕೋಡಿ ಬೆಂಗ್ರೆಯ ಅಳಿವೆಯಲ್ಲಿ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ನೀರೆಂದರೆ ಕೆರೆ, ಬಾವಿ, ಹೆಚ್ಚೆಂದರೆ ಕಾಲುವೆ. ಹೊಳೆಯನ್ನು ಕಂಡರೆ ಕೈಮುಗಿದು, ತಲೆಯ ಮೇಲೆ ನಾಲ್ಕು ಹನಿ ಪ್ರೋಕ್ಷಿಸಿಕೊಂಡು ದಡ ಸೇರುವುದು ನಮ್ಮ ರೂಢಿ. ಕಡಲನ್ನಂತೂ ಗೋಕರ್ಣ, ಮುರ್ಡೇಶ್ವರಗಳ ಯಾತ್ರೆಯಲ್ಲಿ ಪಾದ ತೋಯುವಷ್ಟು ಕಂಡು ಹಿಂದಿರುಗುವವರೇ ಬಹಳ. ಹೀಗಿರುವಾಗ, ನೀರಿನ ಮೇಲೆ ಹಲಗೆ ಹಾಸಿ, ಅದರ ಮೇಲೆ ನೆಟ್ಟಗೆ ನಿಂತು, ಉದ್ದನೆಯ ಹುಟ್ಟಿನಿಂದ ನೀರನ್ನು ತಳ್ಳುತ್ತ ಸಾಗುವ ಕ್ರೀಡೆಯೊಂದು ನಮ್ಮ ಕರಾವಳಿಯಲ್ಲಿ ಮನೆಮಂದಿಯ ವಿನೋದವಾಗಿದೆಯೆಂದರೆ ಓದುಗ ಬಂಧುಗಳಿಗೆ ಸೋಜಿಗವೆನಿಸಬಹುದು. ಇದನ್ನು ಪ್ಯಾಡಲ್ ಬೋರ್ಡ್ ಎಂದು ಕರೆಯುತ್ತಾರೆ. ಇದರ ತವರು ಹವಾಯಿ ದ್ವೀಪಗಳು. ನಮ್ಮಲ್ಲಿ ಮಂಗಳೂರಿನ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ 2024ರ ಮಾರ್ಚ್ ತಿಂಗಳಿನಲ್ಲಿ ಇದರ ಅಂತರರಾಷ್ಟ್ರೀಯ ಸ್ಪರ್ಧೆಯೇ ಜರುಗಿತು.

ಕಳೆದ ಜನವರಿಯಲ್ಲಿ ಮಗಳು, ಅಳಿಯ ಹಾಗೂ ಮೊಮ್ಮಕ್ಕಳೊಡನೆ ನಾವಿಬ್ಬರೂ ಕೋಡಿ ಬೆಂಗ್ರೆಗೆ ಹೋಗಿದ್ದೆವು. ಉಡುಪಿಯ ವಾಯವ್ಯಕ್ಕೆ, ಮಲ್ಪೆಯಿಂದ ಉತ್ತರಕ್ಕೆ ಕಡಲಂಚಿನ ದಾರಿ ಹಿಡಿದು ಸಾಗಿದರೆ ಭೂಮಿ ಕ್ರಮೇಣ ಕಿರಿದಾಗುತ್ತ ಬರುತ್ತದೆ. ಎಡಗಡೆ ಅರಬ್ಬೀ ಸಮುದ್ರ, ಬಲಗಡೆ ಹೊಳೆ, ನಡುವೆ ಒಂದು ರಸ್ತೆ, ಒಂದು ಸಾಲು ಮನೆ, ತೆಂಗಿನ ಮರಗಳು. ಕರಾವಳಿಯವರು ಹೊಳೆಗೂ ಕಡಲಿಗೂ ನಡುವಣ ಇಂಥ ಮರಳುದಿಣ್ಣೆಯನ್ನು ಬೆಂಗ್ರೆ ಎನ್ನುತ್ತಾರೆ. ಕೋಡಿಯೆಂದರೆ ತುದಿ. ಆ ತುದಿಯಲ್ಲಿ ಸುವರ್ಣಾ ಮತ್ತು ಸೀತಾ ಎಂಬ ಎರಡು ಹೊಳೆಗಳು ಒಂದಾಗಿ ಕಡಲನ್ನು ಸೇರುತ್ತವೆ. ಸೀತೆ ಆಗುಂಬೆಯ ಆಸುಪಾಸಿನ ಘಟ್ಟದಿಂದ ಇಳಿದು ಬಂದವಳು. ಸುವರ್ಣೆ ಕಾರ್ಕಳದ ಕಡೆಯ ಘಟ್ಟದವಳು, ಬಜೆಯ ಅಣೆಕಟ್ಟಿನಲ್ಲಿ ಉಡುಪಿ ನಗರಕ್ಕೆ ಕುಡಿಯುವ ನೀರನ್ನಿತ್ತು ಮುಂದೆ ಬಂದವಳು. ಎದುರು ದಡದಲ್ಲಿ ಹಂಗಾರಕಟ್ಟೆ. ನಡುವೆ ಅಲ್ಲಲ್ಲಿ ಕುದ್ರುಗಳು, ಅಂದರೆ ಹೊಳೆಯೊಳಗಿನ ನಡುಗಡ್ಡೆಗಳು. ತೂಗುಸೇತುವೆಯಿಂದ ಹೆಸರಾದ ಕೆಮ್ಮಣ್ಣಿನ ತಿಮ್ಮಣ್ಣ ಕುದ್ರು ಇವುಗಳಲ್ಲೊಂದು.

ಈ ಪ್ರವಾಸಕ್ಕೆ ನಮ್ಮ ಮನೆಯವರು ಸುಲಭವಾಗಿ ಒಪ್ಪಿರಲಿಲ್ಲ. ಅದಕ್ಕೆ ಕಾರಣವಿತ್ತು. 1979ರಲ್ಲಿ ಅವರ ಕಿರಿಯ ತಮ್ಮ, ಹದಿನಾಲ್ಕರ ಹುಡುಗ, ಎಮ್ಮೆಗಳನ್ನು ಮೈ ತೊಳೆಯಲು ಹೊಡೆದುಕೊಂಡು ಹೋದವನು ಮಲಪ್ರಭಾ ಕಾಲುವೆಯಲ್ಲಿ ಕಾಲುಜಾರಿ ಹೋದ. ಎರಡನೆಯ ದಿನ ಏಳು ಮೈಲಿ ಕೆಳಗೆ ದೊರೆತ. ಅಂದಿನಿಂದ ಅವರ ತವರಿನಲ್ಲಿ ಮಕ್ಕಳು ನೀರಿಗೆ ಇಳಿಯುವುದೇ ನಿಂತುಹೋಯಿತು. ಅವನ ನಂತರ ಹುಟ್ಟಿದ ಎರಡು ತಲೆಮಾರಿನಲ್ಲಿ ಈಜು ಬಲ್ಲವರು ಒಬ್ಬರೂ ಇಲ್ಲ. ಭಯವು ನಮ್ಮನ್ನು ನೀರಿನಿಂದ ದೂರವಿಡಬಲ್ಲದೇ ಹೊರತು, ನೀರಿಗೆ ಬಿದ್ದವನನ್ನು ಎತ್ತಲಾರದು. ಆದರೆ ತಮ್ಮನನ್ನು ಕಳೆದುಕೊಂಡ ಅಕ್ಕನಿಗೆ ಈ ಮಾತನ್ನು ವಾದವಾಗಿ ಹೇಳುವುದು ಸರಿಯಲ್ಲವೆಂದು ನಾನು ಎಂದೂ ಹೇಳಿದವನಲ್ಲ.

ನಾನು ಈಜು ಕಲಿತದ್ದು ಮಠದ ಕಲ್ಯಾಣಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆಗಳೆರಡನ್ನು ಬಿಗಿದು ಹಿರಿಯ ವಿದ್ಯಾರ್ಥಿಗಳು ನಮ್ಮನ್ನು ಮೆಟ್ಟಿಲ ಮೇಲಿಂದ ತಳ್ಳುತ್ತಿದ್ದರು. ತಿಂಗಳೊಳಗೆ ಎರಡು ಬುರುಡೆ ಒಂದಾಗುತ್ತಿತ್ತು, ಆಮೇಲೆ ಅದೂ ಇಲ್ಲ. ಈ ವಿದ್ಯೆ ಗಂಡುಹುಡುಗರಿಗೆ ಮಾತ್ರ ದೊರೆಯುತ್ತಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಊರಬಾವಿಗೆ ಕೊಡ ಹೊತ್ತು ದಿನಕ್ಕೆ ಹತ್ತು ಸಲ ಹೋಗುವವರು ಹೆಣ್ಣುಮಕ್ಕಳು, ಈಜು ಕಲಿಯುವವರು ಗಂಡುಮಕ್ಕಳು! 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಪಾಲಾದ ಸುದ್ದಿಯನ್ನು ಓದಿದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮೊಮ್ಮಗಳಿಗೂ ಆಗ ಹೆಚ್ಚುಕಡಿಮೆ ಅದೇ ಪ್ರಾಯ. ಮರುವಾರವೇ ಮಗಳು ಆಕೆಯನ್ನು ಹುಬ್ಬಳ್ಳಿಯ ಈಜುಕೊಳಕ್ಕೆ ಸೇರಿಸಿದಳು. ಅಜ್ಜಿಗೆ ಇದು ತಿಳಿದದ್ದು ಮೂರು ತಿಂಗಳ ಮೇಲೆ.

ಕೋಡಿ ಬೆಂಗ್ರೆಯಲ್ಲಿ ನಾವು ಹೊಳೆಗೆ ಇಳಿದದ್ದು ಬೆಳಗಿನ ಏಳು ಗಂಟೆಗೆ. ಹೊತ್ತನ್ನು ಆರಿಸುವುದರಲ್ಲಿಯೇ ಅರ್ಧ ವಿದ್ಯೆಯಿದೆ. ಬಿಸಿಲೇರಿದಂತೆ ನೆಲ ಕಾಯುತ್ತದೆ, ನೆಲದ ಮೇಲಣ ಗಾಳಿ ಮೇಲಕ್ಕೇರುತ್ತದೆ, ಆ ಜಾಗಕ್ಕೆ ಕಡಲಿನಿಂದ ಗಾಳಿ ನುಗ್ಗುತ್ತದೆ. ಹಲಗೆಯ ಮೇಲೆ ನಿಂತ ಮನುಷ್ಯ ಆಗ ಹಾಯಿಯಂತಾಗುತ್ತಾನೆ. ತಾನು ಹೋಗಬೇಕೆಂದ ಕಡೆಗಲ್ಲ, ಗಾಳಿ ಒಯ್ದ ಕಡೆಗೆ ಹೋಗುತ್ತಾನೆ. ಆದ್ದರಿಂದ ಹೊಸಬರು ಹತ್ತು ಗಂಟೆಯೊಳಗೆ ದಡ ಸೇರಬೇಕು. ಗಾಳಿಗೆದುರಾಗಿ ಮೊದಲು ಹೋಗಿ, ಗಾಳಿಯೊಡನೆ ಹಿಂದಿರುಗಬೇಕೆಂಬುದು ಇನ್ನೊಂದು ನಿಯಮ. ದಣಿದ ತೋಳುಗಳಿಗೆ ಇದರ ಬೆಲೆ ತಿಳಿಯುತ್ತದೆ.

ಅಲ್ಲಿಯ ತರಬೇತುದಾರ ಮೀನುಗಾರರ ಮನೆಯ ತರುಣ. ಹಲಗೆಯೆಂದರೆ ಮರದ್ದೆಂದು ನಾನು ತಿಳಿದಿದ್ದೆ. ಅವನು ಚೀಲದಿಂದ ಸುತ್ತಿಟ್ಟ ಚಾಪೆಯಂಥದನ್ನು ತೆಗೆದು ಪಂಪಿನಿಂದ ಗಾಳಿ ತುಂಬತೊಡಗಿದ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವೆ ಸಾವಿರಾರು ಎಳೆಗಳನ್ನು ಹೊಲಿದಿರುವುದರಿಂದ ಅದು ಬಲೂನಿನಂತೆ ಉಬ್ಬದೆ ಹಲಗೆಯಂತೆಯೇ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ಹತ್ತೂವರೆ ಅಡಿ ಉದ್ದ, ಎರಡೂವರೆ ಅಡಿಗೆ ಮೀರಿದ ಅಗಲ, ಅರ್ಧ ಅಡಿ ದಪ್ಪ. ತೂಕ ಮಾತ್ರ 10 ಕಿಲೋ ಆಸುಪಾಸು. ತಂದೆಯೊಬ್ಬ ಎಳೆಯ ಮಗುವನ್ನು ಮುಂದೆ ಕೂರಿಸಿಕೊಂಡು ಹೋಗಬಹುದು.

ಕಲಿಯುವ ಕ್ರಮ ಹೀಗೆ. ಮೊದಲು ಹಲಗೆಯ ನಡುಮಧ್ಯೆ ಮೊಣಕಾಲೂರಿ ಕುಳಿತು ಹುಟ್ಟು ಹಾಕಬೇಕು. ಆಮೇಲೆ ಒಂದೊಂದೇ ಪಾದವನ್ನೂರಿ ಏಳಬೇಕು. ಪಾದಗಳ ನಡುವೆ ಭುಜದಷ್ಟು ಅಂತರ, ಮೊಣಕಾಲು ತುಸು ಬಾಗಿರಬೇಕು. ಹುಟ್ಟು ತಲೆಗಿಂತ ಒಂದು ಗೇಣು ಎತ್ತರವಿದ್ದರೆ ಸರಿ. ದೃಷ್ಟಿ ಕಾಲ ಬಳಿ ಇರಕೂಡದು, ದೂರದ ಮರದ ಮೇಲಿರಬೇಕು. ಮೊಮ್ಮಗಳು ಎರಡು ಬಾರಿ ನೀರಿಗೆ ಬಿದ್ದು ಮೂರನೆಯ ಬಾರಿ ನಿಂತಳು. “ಅಜ್ಜಾ, ಕೆಳಗ ನೋಡಿದ್ರ ಬೀಳ್ತೀವಿ, ಮುಂದ ನೋಡಿದ್ರ ನಿಲ್ತೀವಿ!” ಎಂದು ಅಲ್ಲಿಂದಲೇ ಕೂಗಿದಳು. ಎಂಟು ವರ್ಷದ ಮೊಮ್ಮಗ ನಿಲ್ಲುವ ಗೋಜಿಗೆ ಹೋಗದೆ ಹಲಗೆಯ ಮೇಲೆ ಬೋರಲಾಗಿ ಮಲಗಿ ಕೈಗಳಿಂದಲೇ ನೀರು ಬಡಿಯುತ್ತಿದ್ದ. ಅದೂ ಒಂದು ಬಗೆಯ ಜಲಯಾನವೇ.

ನಮ್ಮ ಮನೆಯವರು ದಡ ಬಿಟ್ಟು ಕದಲಲಿಲ್ಲ. ಮಕ್ಕಳ ಜೀವರಕ್ಷಕ ಅಂಗಿಯ ಪಟ್ಟಿಗಳನ್ನು ಒಂದೊಂದಾಗಿ ತಾವೇ ಜಗ್ಗಿ ನೋಡಿದರು. “ಇದು ಬಿಗಿ ಆಗೇತಿ, ಅದು ಸಡಲ ಐತಿ” ಎಂದು ತರುಣನಿಂದ ಮರಳಿ ಕಟ್ಟಿಸಿದರು. ಅವನು ಬೇಸರಿಸಲಿಲ್ಲ. “ಹೆದರುದು ಬೇಡಮ್ಮ, ಇಲ್ಲಿ ಸೊಂಟದಷ್ಟೇ ನೀರುಂಟು. ಅಳಿವೆ ಬಾಯಿಯ ಹತ್ರ ನಾವು ಯಾರನ್ನೂ ಬಿಡುದಿಲ್ಲ” ಎಂದ. ಈ ಕೊನೆಯ ಮಾತು ಬಹು ಮುಖ್ಯವಾದುದು. ಅಳಿವೆಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಇಳಿತದ ಹೊತ್ತಿಗೆ ಹೊಳೆಯ ನೀರೆಲ್ಲವೂ ಆ ಕಿರಿದಾದ ಬಾಯಿಯ ಮೂಲಕ ಕಡಲಿಗೆ ಧಾವಿಸುತ್ತದೆ. ಮೇಲ್ನೋಟಕ್ಕೆ ಕನ್ನಡಿಯಂತಿರುವ ನೀರಿನ ಅಡಿಯಲ್ಲಿ ಆ ಸೆಳೆತವಿರುತ್ತದೆ. ಹಲಗೆಯನ್ನು ಮೈಗೆ ಕಟ್ಟುವ ಹಗ್ಗವನ್ನೂ ಇಲ್ಲಿ ಕಾಲಿಗೆ ಕಟ್ಟದೆ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಸೊಂಟಕ್ಕೆ ಕಟ್ಟುತ್ತಾರೆ. ಮೀನುಬಲೆಯ ಗೂಟಕ್ಕೆ ಹಗ್ಗ ತೊಡರಿದರೆ ಹರಿಯುವ ನೀರಿನಲ್ಲಿ ಬಾಗಿ ಕಾಲಿನ ಗಂಟು ಬಿಚ್ಚುವುದು ಅಸಾಧ್ಯ.

ಕಡಲ ಬದಿಯ ಸೆಳೆತದ ವಿಚಾರವನ್ನೂ ತಿಳಿದಿರುವುದು ಒಳ್ಳೆಯದು. ದಡಕ್ಕೆ ಬಂದ ಅಲೆಗಳ ನೀರು ಒಂದೆಡೆ ಕೂಡಿ, ಕಾಲುವೆಯಂತೆ ಹಿಂದಕ್ಕೆ ಹರಿಯುತ್ತದೆ. ಅಲ್ಲಿ ಅಲೆ ಕಡಿಮೆ ಕಾಣುವುದರಿಂದ ಅರಿಯದವರು ಅದನ್ನೇ ಸುರಕ್ಷಿತವೆಂದು ಭ್ರಮಿಸಿ ಇಳಿಯುತ್ತಾರೆ. ಸಿಕ್ಕಿಕೊಂಡವರು ದಡದ ಕಡೆಗೆ ಈಜಿ ಈಜಿ ಸೋತು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಿದ್ದು, ಆಮೇಲೆ ದಡದತ್ತ ತಿರುಗಬೇಕು. ಈಜು ಬಾರದವರು ನೀರಿನೊಡನೆ ಸೆಣಸದೆ ಮುಖವನ್ನು ಮೇಲೆತ್ತಿ ತೇಲುತ್ತ, ಕೈಯೆತ್ತಿ ಕೂಗಬೇಕು. ಈ ನಾಲ್ಕು ಮಾತುಗಳನ್ನು ಪ್ರವಾಸಕ್ಕೆ ಹೊರಡುವ ಪ್ರತಿಯೊಂದು ಶಾಲೆಯ ಮಕ್ಕಳಿಗೂ ಬಸ್ಸಿನಲ್ಲಿಯೇ ಬಾಯಿಪಾಠ ಮಾಡಿಸಬೇಕೆಂಬುದು ನನ್ನ ಆಗ್ರಹ.

ಹಲಗೆಯ ಮೇಲೆ ನಾನೂ ಏರಿದೆ. ನಿಲ್ಲಲಿಲ್ಲ, ಅರವತ್ತಾರರ ಮೊಣಕಾಲು ಅಷ್ಟಕ್ಕೆ ಒಪ್ಪಲಿಲ್ಲ. ಕುಳಿತೇ ಹುಟ್ಟು ಹಾಕುತ್ತ ಕಾಂಡ್ಲಾ ಗಿಡಗಳ ಅಂಚಿನವರೆಗೆ ಹೋದೆ. ಇಂಜಿನ್ನಿನ ಸದ್ದಿಲ್ಲದ ಕಾರಣ ಮಿಂಚುಳ್ಳಿಯೊಂದು ಮಾರು ದೂರಕ್ಕೆ ಬರುವವರೆಗೂ ಹಾರಲಿಲ್ಲ. ಕಾಂಡ್ಲಾದ ಬೇರುಗಳು ಕೆಸರಿನಿಂದ ಮೇಲೆದ್ದು ಗಾಳಿಯನ್ನು ಉಸಿರಾಡುತ್ತವೆ. ಅವುಗಳ ನಡುವೆ ಮೀನಿನ ಮರಿಗಳು ಆಶ್ರಯ ಪಡೆಯುತ್ತವೆ. ಹುಟ್ಟು ಹಿಡಿದಾಗ ಅಂಬಿಗರ ಚೌಡಯ್ಯನವರ ನೆನಪಾಗದಿರುವುದೆಂತು? ಹನ್ನೆರಡನೆಯ ಶತಮಾನದಲ್ಲಿ ಹೊಳೆ ದಾಟಿಸುವ ಕಾಯಕ ಮಾಡಿ, ತಮ್ಮ ಹೆಸರನ್ನೇ ವಚನದ ಅಂಕಿತವಾಗಿಸಿಕೊಂಡ ನಿಷ್ಠುರಿ ಅವರು. ಅವರ ವಚನಗಳನ್ನು ನಲವತ್ತು ವರ್ಷ ಪಾಠ ಹೇಳಿದ್ದೇನೆ. ಹುಟ್ಟಿಗೆ ನೀರು ಕೊಡುವ ಪ್ರತಿರೋಧ ಅಂಗೈಗೆ ಎಂಥದೆಂದು ತಿಳಿದದ್ದು ಅಂದು.

ಎಂಟು ಗಂಟೆಯ ಹೊತ್ತಿಗೆ ಇಳಿತ ಪೂರ್ಣವಾಯಿತು. ಹುಣ್ಣಿಮೆ ಕಳೆದು ಮೂರು ದಿನವಾಗಿದ್ದುದರಿಂದ ನೀರು ಚೆನ್ನಾಗಿಯೇ ಇಳಿದಿತ್ತು. ಹೊಳೆಯ ನಡುವೆ ಉದ್ದನೆಯ ಮರಳುದಿಬ್ಬ ಮೇಲೆದ್ದಿತು. ಹೆಂಗಸರು ಕೆಲವರು ಬುಟ್ಟಿ ಹಿಡಿದು ನಡೆದೇ ಅಲ್ಲಿಗೆ ಹೋಗಿ ಮರುವಾಯಿ ಹೆಕ್ಕತೊಡಗಿದರು. ಮರುವಾಯಿಯೆಂದರೆ ಮರಳಿನಲ್ಲಿ ಹುದುಗಿರುವ ಚಿಪ್ಪುಜೀವಿ. ಪಾದದಿಂದ ತಡಕಿಯೇ ಅವರು ಅದನ್ನು ಪತ್ತೆಹಚ್ಚುತ್ತಾರೆ. ಅದು ನಮ್ಮ ಆಹಾರವಲ್ಲ. ಆದರೆ ಗಂಟೆಗಟ್ಟಲೆ ಉಪ್ಪುನೀರಿನಲ್ಲಿ ಬಾಗಿ ದುಡಿಯುವ ಆ ಕಾಯಕವನ್ನು ಗೌರವಿಸದಿರಲಾಗದು.

ದಡದಲ್ಲಿದ್ದ ನಮ್ಮ ಮನೆಯವರು ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು ನೀರಿಗೆ ಕಾಲಿಟ್ಟದ್ದನ್ನು ನಾನು ದೂರದಿಂದ ಕಂಡೆ. ಯಾರೂ ಕರೆದಿರಲಿಲ್ಲ. ಹಿಮ್ಮಡಿ, ಮೀನಖಂಡ, ಒಂದೆಡೆ ಮೊಣಕಾಲಿನವರೆಗೆ ನೀರು. ಮೊಮ್ಮಗಳು ಹಲಗೆಯಿಂದಿಳಿದು ಕೈಹಿಡಿದಳು. ಮರಳುದಿಬ್ಬದ ಮೇಲೆ ಆ ಹೆಂಗಸರೊಡನೆ ಅರ್ಧ ತಾಸು ಮಾತಾಡುತ್ತ ನಿಂತರು. ಇವರ ಧಾರವಾಡದ ಕನ್ನಡ, ಅವರ ತುಳು ಬೆರೆತ ಕನ್ನಡ. ಹಿರಿಯ ಹೆಂಗಸೊಬ್ಬರು, ತಮ್ಮ ಮನೆಯ ಹುಡುಗನೊಬ್ಬನೂ ಈ ಅಳಿವೆಯಲ್ಲಿಯೇ ಹೋದನೆಂದೂ, ಮರುದಿನ ಹೊಟ್ಟೆಪಾಡಿಗೆ ಇದೇ ನೀರಿಗೆ ಇಳಿಯಬೇಕಾಯಿತೆಂದೂ ಹೇಳಿದರಂತೆ. ಕೊನೆಗೆ ಅವರೇ, “ನೀರು ಏರ್ತಾ ಉಂಟು, ಇನ್ನು ಹೋಗುವ” ಎಂದು ನಮ್ಮವರನ್ನು ಮುಂದಿಟ್ಟುಕೊಂಡು ದಡಕ್ಕೆ ತಂದು ಬಿಟ್ಟರು. ತಮ್ಮನ ಹೆಸರನ್ನು ನಮ್ಮ ಮನೆಯವರು ಅಂದು ಮಧ್ಯಾಹ್ನ, ರೊಟ್ಟಿಯ ಗಂಟು ಬಿಚ್ಚುವಾಗ, ಬಹಳ ವರ್ಷಗಳ ಮೇಲೆ ತಾವಾಗಿಯೇ ಎತ್ತಿದರು. ಮೊಮ್ಮಕ್ಕಳಿಗೆ ಅವನು ಹೇಗಿದ್ದನೆಂದು ಹೇಳಿದರು.

ಸಂಜೆ ಬಿಸಿಲಿಳಿದ ಮೇಲೆ ಕಡಲ ಬದಿಯ ಮರಳಿನಲ್ಲಿ ಬರಿಗಾಲಿನಲ್ಲಿ ನಡೆದೆವು. ಒಂದು ಬದಿಗೆ ಅಲೆಯ ಮೊರೆತ, ರಸ್ತೆ ದಾಟಿದರೆ ನಿಶ್ಶಬ್ದವಾದ ಹೊಳೆ. ಇಷ್ಟು ಹತ್ತಿರದಲ್ಲಿ ಎರಡು ಸ್ವಭಾವದ ನೀರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ದಡದಲ್ಲಿ ಪ್ಲಾಸ್ಟಿಕ್ಕಿನ ಬಾಟಲಿಗಳೂ ಬೇಕಾದಷ್ಟಿದ್ದವು. ಅವುಗಳಲ್ಲಿ ಬಹುಪಾಲು ನಮ್ಮಂಥ ಪ್ರವಾಸಿಗರವೇ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹೋಗಬಯಸುವವರಿಗೆ: ಹುಬ್ಬಳ್ಳಿಯ ಕಡೆಯವರು ಯಲ್ಲಾಪುರ, ಅಂಕೋಲಾ, ಕುಂದಾಪುರದ ಮಾರ್ಗವಾಗಿ ಉಡುಪಿ ತಲುಪಬಹುದು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಂತ್ರದ ದೋಣಿಗಳಿಗೇ ಮೀನುಗಾರಿಕೆಯ ನಿಷೇಧವಿರುವಾಗ ಹಲಗೆಯ ಮಾತೆತ್ತಕೂಡದು. ಈಜು ಬಂದರೂ ಜೀವರಕ್ಷಕ ಅಂಗಿಯನ್ನು ಬಿಡಬಾರದು. ಉಬ್ಬರ ಇಳಿತಗಳ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಹಿಂದಿನ ಸಂಜೆಯೇ ಅಲ್ಲಿಯವರನ್ನು ಕೇಳಿ ಮರುದಿನದ ವೇಳೆಯನ್ನು ಗೊತ್ತುಮಾಡಿಕೊಳ್ಳಬೇಕು. ಬದಲಿ ಬಟ್ಟೆ, ಕುಡಿಯುವ ನೀರು, ತಲೆಗೆ ಟೊಪ್ಪಿಗೆ ಇರಲಿ. ಬುತ್ತಿ ಕಟ್ಟಿಕೊಂಡು ಹೋಗುವುದು ಮೇಲು. ಹೊಳೆಯಿಂದ ಎದ್ದ ಮಕ್ಕಳ ಹಸಿವು ಸಾಮಾನ್ಯವಾದುದಲ್ಲ.