ಕೊನೆಗೆ ಬಿದ್ದ ಬೆಳಕು

"ಯವ್ವಾ, ಈ ಲೈಟಿನಾಗ ಇನ್ನೂ ಎರಡು ಬಟನ್ ಅದಾವ. ಒಂದರ ಮ್ಯಾಲೆ ಯುವಿ ಅಂತ ಐತಿ, ಇನ್ನೊಂದರ ಮ್ಯಾಲೆ ಐಆರ್ ಅಂತ ಐತಿ. ಹಚ್ಚಲೇನು?"

ಗುಡಗೇರಿಯಿಂದ ಅಪ್ಪ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರದ ಪಿಎಚ್‌ಡಿಯ ಎರಡನೇ ವರ್ಷದಲ್ಲಿದ್ದೆ. "ಎರಡೂ ಹಚ್ಚಪಾ. ಬಿಸಿಲಿನಾಗ ಎರಡೂ ಇರ್ತಾವಲ್ಲ" ಅಂದೆ. ಯೋಚಿಸಲು ಒಂದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ.

ಹಿಂದಿನ ವರ್ಷ ಬ್ಯಾಡಗಿ ಮೆಣಸಿನ ಅಗಿಯನ್ನು ಮಡಿಯಲ್ಲೇ ಎಲೆ ಮುಟುರು ರೋಗ ತಿಂದುಹಾಕಿತ್ತು. ಅದಕ್ಕೇ ಈ ಸಲ ಹುಳ ಬಾರದಂತೆ ಪಡಸಾಲೆಯೊಳಗೆ ಅಗಿ ಬೆಳೆಸುವ ಹುರುಪು ಅಪ್ಪನಿಗೆ. ಹತ್ತು ಟ್ರೇ, ಒಂದೊಂದರಲ್ಲಿ 98 ಗುಣಿ. ನಾಲ್ಕು ಗುಂಟೆಗೆ ಸಾಲುವಷ್ಟು. ಮೇಲೆ ನೇರಳೆ ಬಣ್ಣದ ಎಲ್‌ಇಡಿ ದೀಪ. ರಾತ್ರಿ ರೈಲಿಳಿದು ಸ್ಟೇಷನ್ನಿನಿಂದ ಬರುವವರು ನಮ್ಮ ಕಿಟಕಿಯ ಮುಂದೆ ನಿಂತು, "ಮನ್ಯಾಗ ನಾಟಕ ನಡದೈತೇನು?" ಎಂದು ಕೇಳುತ್ತಿದ್ದರಂತೆ.

ಮೂರು ವಾರಕ್ಕೆ ಅಗಿ ಗೇಣುದ್ದ ಎದ್ದವು. ಅಪ್ಪ ಫೋಟೋ ಕಳಿಸಿದರು. ಕಾಂಡ ಸಣಕಲು, ಎಲೆ ತಿಳಿಹಸಿರು. ನಾನು ಎತ್ತರವನ್ನಷ್ಟೇ ನೋಡಿ ಖುಷಿಪಟ್ಟೆ. ಹೊಲಕ್ಕೆ ಹಚ್ಚಿದ ಮೂರನೇ ದಿನ ಗಾಳಿ ಬೀಸಿತು. ಅರ್ಧಕ್ಕರ್ಧ ಅಗಿ ಕಾಂಡ ಮಡಚಿಕೊಂಡು ಎರೆಮಣ್ಣಿನ ಮೇಲೆ ಮಲಗಿದವು. ಉಳಿದವುಗಳ ಎಲೆ ಬಿಸಿಲಿಗೆ ಬೆಳ್ಳಗೆ ಸುಟ್ಟವು. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ನಾನು, ಪರೀಕ್ಷೆಗಾಗಿ ಎಂದೋ ಓದಿ ಮುಗಿಸಿದ್ದನ್ನು ಮತ್ತೆ ಓದಿದೆ. ಗಿಡ ಆಹಾರ ತಯಾರಿಸಲು ಬಳಸುವುದು ಹೆಚ್ಚುಕಡಿಮೆ ನಮ್ಮ ಕಣ್ಣಿಗೆ ಕಾಣುವ ಬೆಳಕನ್ನೇ, 400ರಿಂದ 700 ನ್ಯಾನೋಮೀಟರ್‌ವರೆಗಿನದು. ಅದರ ಆಚೀಚೆ ಇರುವುದು ಗಿಡಕ್ಕೆ ಊಟಕ್ಕಿಂತ ಹೆಚ್ಚಾಗಿ ಸುದ್ದಿ. ಇಂಥ ದೀಪಗಳ ಐಆರ್ ಬಟನ್ ಸಾಮಾನ್ಯವಾಗಿ ಹಚ್ಚುವುದು 730ರ ಆಸುಪಾಸಿನ ದೂರಗೆಂಪು ಬೆಳಕನ್ನು. ಎಲೆಗಳು ಕೆಂಪನ್ನು ಹೀರಿಕೊಂಡು ದೂರಗೆಂಪನ್ನು ಕೆಳಗೆ ಬಿಡುತ್ತವೆ. ಹಾಗಾಗಿ ಅದು ಹೆಚ್ಚಾದರೆ, ತನ್ನ ತಲೆಯ ಮೇಲೆ ಇನ್ನೊಂದು ಗಿಡ ನಿಂತಿದೆ ಎಂದು ಸಸಿ ತಿಳಿಯುತ್ತದೆ. ಬೇರು, ಎಲೆ ಬಿಟ್ಟು ಇದ್ದ ಶಕ್ತಿಯನ್ನೆಲ್ಲ ಕಾಂಡಕ್ಕೆ ಹಾಕಿ ಮೇಲೇಳುತ್ತದೆ. ನಮ್ಮ ಪಡಸಾಲೆಯ ಅಗಿ ಬೆಳೆದಿರಲಿಲ್ಲ, ಇಲ್ಲದ ನೆರಳಿಗೆ ಹೆದರಿ ಓಡಿದ್ದವು.

ಮಹಾನವಮಿಯ ಘಟದ ಸಸಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ದೇವರ ಮನೆಯ ಕತ್ತಲಲ್ಲಿ ಒಂಬತ್ತು ದಿನಕ್ಕೆ ಉದ್ದವಾಗಿ, ಹಳದಿಯಾಗಿ ಬೆಳೆದಿರುತ್ತದೆ. ಅದೂ ಬೆಳಕು ಹುಡುಕುವ ಓಟವೇ. ಆದರೆ ಅದನ್ನು ಯಾರೂ ಹೊಲಕ್ಕೆ ಹಚ್ಚುವುದಿಲ್ಲ.

ಹಾಗಾದರೆ ಆ ಬಟನ್ ಯಾವಾಗ ಬೇಕು? ಎಲೆ ಅಗಲವಾಗಲಿ ಎಂದು ಸೊಪ್ಪು ಬೆಳೆಯುವವರಿಗೆ, ದೀರ್ಘ ಹಗಲಿಗೆ ಹೂ ಬಿಡುವ ಕೆಲವು ಗಿಡಗಳನ್ನು ಬೇಗ ಹೂ ಬಿಡಿಸುವವರಿಗೆ, ಅದೂ ಅಳತೆಯಲ್ಲಿ. ಯುವಿ ಹೇಳುವ ಸುದ್ದಿ ಬೇರೆ: ನೀನು ಬಯಲಿನಲ್ಲಿದ್ದೀ, ಕೊಡೆ ಬಿಚ್ಚಿಕೋ. ಈ ಸುದ್ದಿಯನ್ನು ಹಿಡಿಯುವ ಯುವಿಆರ್8 ಎಂಬ ಪ್ರೋಟೀನು ಹೇಗೆ ಕೆಲಸ ಮಾಡುತ್ತದೆಂದು ಗೊತ್ತಾದದ್ದು 2011ರಲ್ಲಿ. ಸುದ್ದಿ ಸಿಕ್ಕ ಎಲೆ ತನ್ನ ಮೇಲ್ಪದರದಲ್ಲಿ ಬಿಸಿಲು ತಡೆಯುವ ವಸ್ತು ತುಂಬಿಕೊಳ್ಳುತ್ತದೆ. ಕೆಂಪು ಲೆಟ್ಯೂಸಿಗೆ ಕೊಯ್ಲಿನ ಮುಂಚೆ ತುಸು ಯುವಿ ಕೊಟ್ಟು ಬಣ್ಣ ಏರಿಸುವುದು ಇದರಿಂದಲೇ. ಆದರೆ ಅಗ್ಗದ ದೀಪಗಳ ಯುವಿ ಬಹುಪಾಲು ನೇರಳೆಯ ಅಂಚಿನದು, ಯುವಿ-ಬಿ ಅಲ್ಲ. ಕಿಟಕಿಯ ಗಾಜೂ ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ನಮ್ಮ ಅಗಿಗೆ ಆ ಸುದ್ದಿ ತಲುಪಲೇ ಇಲ್ಲ. ರೋಗಾಣು ಕೊಲ್ಲುವ ಯುವಿ-ಸಿ ದೀಪವಂತೂ ಗಿಡಕ್ಕೂ ನಮ್ಮ ಕಣ್ಣಿಗೂ ಕೇಡು. ಕಿಟಕಿ ಬದಿಯ ಮನಿಪ್ಲಾಂಟಿಗೆ ಇವು ಯಾವುದೂ ಬೇಕಿಲ್ಲ.

1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಲೆಟ್ಯೂಸ್ ಬೀಜಗಳ ಮೇಲೆ ಒಂದು ಪ್ರಯೋಗ ನಡೆಯಿತು. ಕೆಂಪು ಬೆಳಕು ಬಿಟ್ಟರೆ ಬೀಜ ಮೊಳೆಯುತ್ತಿತ್ತು, ಅದರ ಹಿಂದೆಯೇ ದೂರಗೆಂಪು ಬಿಟ್ಟರೆ ಇಲ್ಲ. ಒಂದಾದ ಮೇಲೊಂದು ಎಷ್ಟು ಸಲ ಬಿಟ್ಟರೂ ಕೊನೆಗೆ ಬಿದ್ದ ಬೆಳಕಿನ ಮಾತೇ ನಡೆಯಿತು. ಅದನ್ನು ಓದುವಾಗ ನನಗೆ ನಮ್ಮ ಮನೆ ನೆನಪಾಯಿತು. ಅಪ್ಪನಿಗೆ ಮಣ್ಣು, ಮಳೆ, ಬೀಜ ಎಲ್ಲ ಗೊತ್ತು. ಆದರೂ ಕೊನೆಯ ಮಾತು ಓದಿದ ಮಗಳದು.

ಈ ವರ್ಷ ಮತ್ತೆ ಫೋನ್ ಬಂತು. "ಹ್ಯಾಂಗ ಮಾಡೂಣು?"

ಈ ಸಲ ಒಂದು ದಿನ ತಡೆದು, ಓದಿ, ಹೇಳಿದೆ: "ಆ ಎರಡೂ ಬಟನ್ ಮುಟ್ಟಬ್ಯಾಡಪಾ. ದೀಪ ಇನ್ನಷ್ಟು ಕೆಳಗ ಇಳಿಸು. ಕಡೀ ವಾರ ಟ್ರೇನ ಬಲೆಯೊಳಗ ಹೊರಗಿಡು. ಮೊದಲ ದಿನ ಒಂದು ತಾಸು, ಮರುದಿನ ಎರಡು ತಾಸು."

"ಅಂದ್ರ ಕಡೀಕ ಸೂರ್ಯಪ್ಪನ ಬೇಕಾದ ಅನ್ನು" ಎಂದು ಅಪ್ಪ ನಕ್ಕರು.

ಈ ಸಲದ ಅಗಿ ಗಿಡ್ಡ, ಕಾಂಡ ದಪ್ಪ, ನೋಡಲು ಅಂಥ ಚಂದವೇನಿಲ್ಲ. ಅಪ್ಪ ಫೋಟೋ ಕಳಿಸಲಿಲ್ಲ. ಗಾಳಿ ಬೀಸಿದ ಮರುದಿನ ನಾನೇ ಫೋನ್ ಮಾಡಿ ಕೇಳಿದೆ. "ನಿಂತಾವ" ಅಂದರು.