ಲೈಬ್ರರಿ ಸರ್ ಮತ್ತು ನನ್ನ ಸಾಫ್ಟ್‌ವೇರು

ನಮ್ಮೂರ ಲೈಬ್ರರಿಗೆ ಎರಡು ವರ್ಷದ ಹಿಂದೆ ಕೋಹಾ ಹಾಕಿಕೊಟ್ಟವನು ನಾನೇ. ಕೋಹಾ ಅಂದ್ರೆ ನ್ಯೂಜಿಲೆಂಡಿನಲ್ಲಿ ಹುಟ್ಟಿದ ಲೈಬ್ರರಿ ತಂತ್ರಾಂಶ, 2000ದ ಜನವರಿಯಿಂದ ಬಳಕೆಯಲ್ಲಿದೆ. ಮಾವೊರಿ ಭಾಷೇಲಿ ಹಾಗಂದ್ರೆ ಉಡುಗೊರೆ. ಓಪನ್ ಸೋರ್ಸ್, ಕಾಸಿಲ್ಲ ಅಂದ ತಕ್ಷಣ ಕಮಿಟಿಯವರು ಒಪ್ಪಿಬಿಟ್ರು :) "ಇನ್ನು ನೀವು ಆರಾಮಾಗಿರಬಹುದು ಸರ್" ಅಂತ ಲೈಬ್ರರಿ ಸರ್‌ಗೆ ದೊಡ್ಡದಾಗಿ ಹೇಳಿ ಬಂದಿದ್ದೆ.

ಮೊನ್ನೆ ಹಬ್ಬಕ್ಕೆ ಹೋದಾಗ ನೋಡಿದ್ರೆ ಸರ್ ಎಲ್ಲಿ ಆರಾಮಾಗಿದ್ದಾರೆ! ಮೇಜಿನ ಸುತ್ತ ಪೊಲೀಸ್ ನೇಮಕಾತಿಗೆ ಆನ್‌ಲೈನ್ ಅರ್ಜಿ ಹಾಕೋ ಹುಡುಗರು. "ಓಟಿಪಿ ಬರ್ತಿಲ್ಲ ಸರ್" ಅಂತ ಒಬ್ಬ, "ಫೋಟೋ ಅಪ್‌ಲೋಡ್ ಆಗ್ತಿಲ್ಲ" ಅಂತ ಇನ್ನೊಬ್ಬ. ಅಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ಬಂದು, "ಶರಪಂಜರ ಬರೆದವರದ್ದು ಬೇರೆ ಯಾವುದಾದ್ರೂ ಇದ್ಯಾ?" ಅಂದ್ರು. ನಾನು ಜಂಬದಿಂದ ಕೀಬೋರ್ಡ್ ಎಳೆದುಕೊಂಡು ತ್ರಿವೇಣಿ ಅಂತ ಹುಡುಕಿದೆ. ಒಂದೂ ಇಲ್ಲ! ಸರ್ ಎದ್ದು ಹೋಗಿ ಮೂಲೆ ಕಪಾಟಿನಿಂದ 'ಬೆಕ್ಕಿನ ಕಣ್ಣು' ತಂದುಕೊಟ್ಟರು.

ಡೇಟಾ ತೆಗೆದು ನೋಡಿದೆ. ಎಂಟ್ರಿ ಮಾಡಿದ ಹುಡುಗರು ತ್ರಿವೇಣಿಯನ್ನು ಒಂದು ಕಡೆ ಇಂಗ್ಲಿಷ್ ಲಿಪಿಯಲ್ಲಿ ಹೊಡೆದಿದ್ದಾರೆ, ಇನ್ನೊಂದು ಕಡೆ ಅನಸೂಯ ಶಂಕರ್ ಅಂತ. ಕುವೆಂಪು ಬೇರೆ, ಕೆ. ವಿ. ಪುಟ್ಟಪ್ಪ ಬೇರೆ. ಮಾಸ್ತಿ ಮತ್ತು ಶ್ರೀನಿವಾಸ ಇಬ್ಬರು ಮನುಷ್ಯರು. ಕೆಲವು ಹೆಸರಿನ ನಡುವೆ ಕಣ್ಣಿಗೇ ಕಾಣದ ಯೂನಿಕೋಡ್ ಅಕ್ಷರ ಕೂತಿದೆ, ಅದಿಲ್ಲದೆ ಟೈಪ್ ಮಾಡಿದ್ರೆ ಸಿಗೋದಿಲ್ಲ. ಇದಕ್ಕೆ ಕೋಹಾದಲ್ಲೇ ಅಥಾರಿಟಿ ರೆಕಾರ್ಡ್ ಅಂತ ಇದೆ. ಒಬ್ಬ ಲೇಖಕರಿಗೆ ಒಂದು ಮುಖ್ಯ ಹೆಸರು, ಉಳಿದ ಹೆಸರುಗಳೆಲ್ಲ ಅದಕ್ಕೆ ಜೋಡಣೆ. ಯಾವುದನ್ನ ಯಾವುದಕ್ಕೆ ಜೋಡಿಸಬೇಕು ಅಂತ ಗೊತ್ತಿರೋದು ಸರ್‌ಗೆ, ನಾನು ಅವರನ್ನ ಕೇಳಿಯೇ ಇರಲಿಲ್ಲ.

"ಓದುಗರ ಸಮಯ ಉಳಿಸಬೇಕು ಅಂತ ರಂಗನಾಥನ್ 1931ರಲ್ಲೇ ಬರೆದಿದ್ದಾರಪ್ಪಾ. ನೀನು ಇಶ್ಯೂ ಮಾಡೋನ ಸಮಯ ಉಳಿಸಿದ್ದೀಯ" ಅಂತ ಸರ್ ನಕ್ಕರು.

ಆಮೇಲೆ ಹೇಳಿದ ವಿಷಯಕ್ಕೆ ನನಗೆ ನಗು ಬರಲಿಲ್ಲ. ಬರೋ ಮೇ ತಿಂಗಳಿಗೆ ಅವರು ರಿಟೈರ್ ಆಗ್ತಾರೆ, ಆ ಜಾಗಕ್ಕೆ ಯಾರನ್ನೂ ತಗೊಳ್ಳೋದಿಲ್ಲವಂತೆ. "ಕಂಪ್ಯೂಟರ್ ಇದೆಯಲ್ಲ" ಅಂದ್ರಂತೆ ಕಮಿಟಿಯವರು. ನಾನು ಅವತ್ತು ಮೀಟಿಂಗಿನಲ್ಲಿ ಆಡಿದ ಮಾತೇ ಹೆಚ್ಚುಕಮ್ಮಿ ಇದು...

ಈಗ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಸರ್ ಹೇಳ್ತಾ ಹೋಗ್ತಾರೆ, ನಾನು ಇಲ್ಲಿಂದ ತುಂಬಿಸ್ತೀನಿ. 'ಕ' ಮುಗಿಯೋಕೇ ಮೂರು ವಾರ ಹಿಡೀತು. ಸರ್ ಜಾಗಕ್ಕೆ ಲೈಬ್ರರಿ ಸೈನ್ಸ್ ಓದಿದ ಒಬ್ಬರನ್ನ ತಗೊಳ್ಳಿ ಅಂತ ಕಮಿಟಿಗೆ ಪತ್ರಾನೂ ಬರೆದಿದ್ದೀನಿ. ಇನ್ನೂ ಉತ್ತರ ಇಲ್ಲ.